ಒಂದೇ ಸಲ ಹೇಳಿದ್ದು

ನನ್ನ ತಮ್ಮನಿಗೆ ಊರು ಇಟ್ಟ ಹೆಸರು ಕಂಚು. ಅಂಥ ಗಂಟಲು ಅವನದು. ಅಂಗಡಿ ತೆರೆದರೆ, ನಲ್ಲಿ ನೀರು ನಿಂತರೆ, ಮಗು ತಪ್ಪಿಸಿಕೊಂಡರೆ, ಗಾಡಿಯ ನೆತ್ತಿಗೆ ಮೈಕು ಕಟ್ಟಿ ಬೀದಿಬೀದಿ ಸಾರುವುದು ಅವನ ಕಸುಬು. ಮೊದಲೆಲ್ಲ ಬಾಯಲ್ಲೇ ಕೂಗುತ್ತಿದ್ದ. ವಯಸ್ಸಾದ ಮೇಲೆ ಮನೆಯಲ್ಲಿ ಕೂತು ಒಂದು ಸಲ ಹೇಳಿ, ರೆಕಾರ್ಡ್ ಮಾಡಿ, ಗಾಡಿಯಲ್ಲಿ ಹಾಕಿಬಿಡುತ್ತಿದ್ದ. ಅದು ತಿರುಗಾಮುರುಗಾ ಅರಚುತ್ತಿತ್ತು. ಇವನು ಗಂಟಲಿಗೆಂದು ಶುಂಠಿ ಚೂರು ಅಗಿಯುತ್ತ ಗಾಡಿ ಓಡಿಸುತ್ತಿದ್ದ.

ಆ ಸಲ ಮಾತು ಹೇಳಿಕೊಟ್ಟವನು ಪ್ಯಾಕೆಟ್ ಹಾಲಿನ ಏಜೆಂಟ. 'ಮನೆಬಾಗಿಲಿಗೆ ಬರುವ ಹಾಲಿಗೆ ಸೋಪಿನ ಪುಡಿ ಬೆರೆಸುತ್ತಾರೆ, ಮಕ್ಕಳಿಗೆ ಕೊಡಬೇಡಿ.' ನಿಜವೇ ಎಂದು ತಮ್ಮ ಕೇಳಲಿಲ್ಲ. ಅವನು ರೆಕಾರ್ಡ್ ಮಾಡುವಾಗ, ಸದ್ದು ಬೀಳದಿರಲಿ ಎಂದು ನಾನು ಹೊಲಿಗೆ ಮಷಿನ್ ನಿಲ್ಲಿಸಿದ್ದೆ.

ಗಾಡಿ ಐದು ಬಡಾವಣೆ ಸುತ್ತಿತು. ಹಾಲು ಹಾಕುವವರೆಲ್ಲ ತಮ್ಮ ತಮ್ಮ ಸ್ಟೇಷನ್ನಿಗೆ ಹೋಗಿ ದೂರು ಕೊಟ್ಟರು. ಐದು ಕಡೆ ಕೇಸು. ಒಂದರಲ್ಲಿ ಜಾಮೀನು ಸಿಕ್ಕಿ ಹೊರಗೆ ಬಂದರೆ ಇನ್ನೊಂದರ ಜೀಪು ಕಾಯುತ್ತಿತ್ತು.

"ಅಕ್ಕಾ, ನನ್ನನ್ನ ಅಂಚೆ ಕಾಗದ ಮಾಡ್ಬಿಟ್ರು. ಸಿಕ್ಕೋರೆಲ್ಲ ಮುದ್ರೆ ಒತ್ತೋರೇ," ಎಂದು ನಗುತ್ತಿದ್ದ.

ವಕೀಲರು ದೊಡ್ಡ ಕೋರ್ಟಿಗೆ ಹೋದರು. ಇವರು ಆಡಿದ್ದು ಒಂದೇ ಮಾತು, ಒಂದೇ ಸಲ. ಉಳಿದಷ್ಟು ಸಲ ಆಡಿದ್ದು ಯಂತ್ರ ಎಂದು ವಾದಿಸಿದರು. ಒಂದೇ ಆರೋಪಕ್ಕೆ ಐದು ಕಡೆ ಎಳೆದಾಡಬಾರದು ಎಂದು ಜಡ್ಜು ಒಪ್ಪಿದರು. ಮೊದಲು ದಾಖಲಾದ ಕೇಸು ಊರಾಚೆಯ ಸ್ಟೇಷನ್ನಿನದು. ಅದೊಂದೇ ನಡೆಯಬೇಕು, ಮಿಕ್ಕ ದೂರುಗಳು ಅದಕ್ಕೇ ಸೇರಬೇಕು, ಬೇರೆ ಯಾರೂ ಇವನನ್ನು ಹಿಡಿಯಬಾರದು ಎಂದರು.

ಹೊರಗೆ ಬಂದಾಗ ವಕೀಲರು ಬೆರಳೆತ್ತಿ ಹೇಳಿದರು: "ಆ ಒಂದು ಕೇಸು ಇನ್ನೂ ಇದೆ, ಮರೀಬೇಡಿ. ಸುಳ್ಳು ಹೇಳ್ದೆ ಅಂತ ಎಲ್ಲಾದ್ರೂ ಅಂದ್ರೋ, ಅದೇ ನಿಮ್ಮ ಮೇಲೆ ಸಾಕ್ಷಿ. ಶುಂಠಿ ಬಾಯಲ್ಲಿಟ್ಕೊಂಡು ಸುಮ್ನಿರಿ."

ಮರುದಿನ ಹಾಲಮ್ಮ ಬಂದಳು. ನಮ್ಮ ಬೀದಿಗೆ ಹಾಲು ಹಾಕುತ್ತಿದ್ದವಳು. ಕೈಯಲ್ಲಿ ಕ್ಯಾನು ಇರಲಿಲ್ಲ.

"ಅಕ್ಕೋರೇ, ನನ್ನ ದೂರು ಊರಾಚೆ ಕಳಿಸಿಬಿಟ್ರಂತೆ. ಇನ್ನು ನಾನು ಅಲ್ಲಿಗೇ ಅಲೀಬೇಕಂತೆ."

ತಮ್ಮ ಒಳಗಿನಿಂದ ಬಂದ. "ಅದು ಕೋರ್ಟು ಹೇಳಿದ್ದು ಹಾಲಮ್ಮ. ನಾನು ಆಡಿದ್ದು ಒಂದೇ ಸಲ."

"ಹೌದಪ್ಪ, ನೀನು ಒಂದೇ ಸಲ ಆಡ್ದೆ. ನಾನು ಬಾಗಿಲು ಬಾಗಿಲಲ್ಲೂ ಕೇಳಿಸ್ಕೊಂಡೆ. ಮೂಲೆಮನೆ ಬಾಣಂತಿ ನನ್ನ ಕಣ್ಮುಂದೇನೇ ಪಾತ್ರೆ ಬೋರಲು ಹಾಕಿದ್ಳು. ಅವಳು ತೊಟ್ಟಿಲಲ್ಲಿದ್ದಾಗ್ಲೇ ಆ ಮನೆಗೆ ಹಾಲು ಹಾಕ್ದೋಳು ನಾನು." ಖಾಲಿ ಕೈ ಚಾಚಿ ತೋರಿಸಿದಳು, "ಹಸು ಮಾರ್ಬಿಟ್ಟೆ."

"ತಪ್ಪಾಯ್ತು ಕಣಮ್ಮ," ಎಂದ ತಮ್ಮ. ಪಕ್ಕದಲ್ಲಿದ್ದ ನನಗೇ ಸರಿಯಾಗಿ ಕೇಳಲಿಲ್ಲ.

"ಇಷ್ಟು ಮೆತ್ತಗೆ ಮಾತಾಡೋಕೂ ಬರುತ್ತಾ ನಿಂಗೆ! ಆವತ್ತು ಇಡೀ ಬೀದಿಗೆ ಕೇಳ್ಸಿತ್ತು." ಹಾಲಮ್ಮ ಹೊರಟುಹೋದಳು.

ಮಧ್ಯಾಹ್ನ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಇದ್ದ.

"ಬಾಯಿ ಬಿಡ್ಬೇಡಿ ಅಂದಿದ್ದಾರೆ ವಕೀಲರು," ಎಂದ.

"ಅಂದಿದ್ದಾರೆ," ಎಂದೆ.

ತಟ್ಟೆ ಸರಿಸಿ ಎದ್ದ. ಮೈಕು ಕೈಗೆತ್ತಿಕೊಂಡ. ನಾನು ಅಭ್ಯಾಸದಂತೆ ಮಷಿನ್ ನಿಲ್ಲಿಸಿದೆ.

"ನೀನು ಹೊಲಿ ಅಕ್ಕಾ. ಇದನ್ನ ರೆಕಾರ್ಡ್ ಮಾಡಲ್ಲ."

ಗಾಡಿ ಮೂಲೆಮನೆಯ ಮುಂದೆ ನಿಂತಿತು. "ಹಾಲಿನ ವಿಷಯ ನಾನು ಹೇಳಿದ್ದು ಸುಳ್ಳು. ವಿಚಾರಿಸದೆ ಹೇಳ್ದೆ. ತಪ್ಪು ನಂದು." ಬಾಣಂತಿ ಕಿಟಕಿ ತೆರೆದಳು, ಮತ್ತೆ ಮುಚ್ಚಿದಳು. ಗಾಡಿ ಪಕ್ಕದ ಮನೆಯ ಮುಂದೆ ನಿಂತಿತು. ಮತ್ತೆ ಮೊದಲಿಂದ ಹೇಳಿದ. ಅದರಾಚೆಯ ಮನೆಗೂ ಹೇಳಿದ.

ಬೀದಿ ಮುಗಿಯುವಷ್ಟರಲ್ಲಿ ಕಂಚು ಒಡೆದಿತ್ತು. ಉಳಿದ ಬೀದಿಗಳೂ ಇನ್ನು ನಾಲ್ಕು ಬಡಾವಣೆಯೂ ಬಾಕಿ. ನಾನು ಮಷಿನ್ ಬಿಟ್ಟು ಎದ್ದೆ. ಶುಂಠಿ ಜಜ್ಜಿ ಸೆರಗಿಗೆ ಕಟ್ಟಿಕೊಂಡು ಗಾಡಿಯ ಹಿಂದೆ ನಡೆದೆ.