ಗಂಗಳದ ಮೇಲಿನ ಗಿರಿಯಮ್ಮ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಾರೆ. ಹೇಳಲಿ. ಆ ಶನಿವಾರ ಬೆಳಗ್ಗೆ ನನ್ನ ಪುಟ್ಟ ಕೆತ್ತನೆ ಮಿಷನ್ನು ಪರೀಕ್ಷೆಗೆಂದು ಇಟ್ಟ ಹಿತ್ತಾಳೆ ತುಂಡಿನ ಮೇಲೆ ಕೊರೆದ ‘ಅನುಪಮಾ’ ನೋಡಿದ್ದರೆ ಅವರೂ ಕೂಗಾಡುತ್ತಿದ್ದರು. ಕೂದಲೆಳೆಯಂತೆ ಬರಬೇಕಾದ ಅಕ್ಷರ ಇದ್ದಿಲಲ್ಲಿ ಗೀಚಿದಷ್ಟು ದಪ್ಪ ಬಂದಿತ್ತು. ‘ಪ’ದ ಹೊಟ್ಟೆ ಮುಚ್ಚಿಯೇ ಹೋಗಿತ್ತು.

ನಾನು ಗುಬ್ಬಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವ ನೇತ್ರಾವತಿ. ರಜೆ ಬಂತೆಂದರೆ ವರಾಂಡದ ಮೇಜಿನ ಮೇಲಿರುವ ಈ ಮಿಷನ್ನೇ ನನ್ನ ಹುಚ್ಚು. ಮರದ ಹಲಗೆ, ಅಕ್ರಿಲಿಕ್ಕು, ಸಿಕ್ಕಿದ್ದಕ್ಕೆಲ್ಲ ಹೆಸರು ಕೊರೆಯುತ್ತೇನೆ. ಆದರೆ ಅವತ್ತು ಕೊರೆಯಬೇಕಿದ್ದದ್ದು ನಮ್ಮಜ್ಜಿಯ ಕಂಚಿನ ಗಂಗಳದ ತಳಕ್ಕೆ. ಮಾರನೆಯ ದಿನ ಕುಣಿಗಲ್ಲಿನಲ್ಲಿ ನನ್ನ ತಂಗಿ ಯಶಸ್ವಿನಿಯ ಮಗಳು ಅನುಪಮಾಗೆ ಮೊದಲ ಅನ್ನ ಉಣಿಸುವ ಶಾಸ್ತ್ರ. ಆ ಮೊದಲ ತುತ್ತು ಈ ತಟ್ಟೆಯಿಂದಲೇ ಆಗಬೇಕೆಂದು ನಮ್ಮಪ್ಪ ವೆಂಕಟರಂಗಯ್ಯ ಗಂಗಳವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಸಿ.ಎಸ್. ಪುರದಿಂದ ಬೆಳಗಿನ ಬಸ್ಸಿಗೇ ಬಂದಿಳಿದಿದ್ದರು.

ಗಂಗಳದ ತಳದಲ್ಲಿ ‘ಗಿರಿಯಮ್ಮ’ ಅಂತ ಇತ್ತು. ಯಾವುದೋ ಕಾಲದಲ್ಲಿ ಸಂತೆಯಲ್ಲಿ ಕೂತ ಯಾರೋ ಉಳಿ ಇಟ್ಟು ಚುಕ್ಕಿ ಚುಕ್ಕಿಯಾಗಿ ಬಡಿದ ಹೆಸರು, ಅಪ್ಪನ ಅವ್ವಂದು. ಅದರ ಕೆಳಗೆ ಹಳೇ ಬಿರುಕಿಗೆ ಹಾಕಿಸಿದ ತೇಪೆ. ನಡುವೆ ಉಳಿದದ್ದು ಅಕ್ಕಿಕಾಳು ಹಿಡಿಸುವಷ್ಟು ಜಾಗ, ಮಗುವಿನ ಹೆಸರು ಅಲ್ಲೇ ಬರಬೇಕು. ಅಂಚಿನಲ್ಲಿ ಬೇಕಾದಷ್ಟು ಜಾಗವಿದೆ ಎಂದು ಹೇಳಿ ನೋಡಿದೆ. ಮಗು ಮುತ್ತಜ್ಜಿಯ ಮಗ್ಗುಲಲ್ಲೇ ಕೂರಬೇಕು ಎಂದು ಅಪ್ಪ ಹಟ ಹಿಡಿದರು. ಹಟದಲ್ಲಿ ನಾನು ಯಾರ ಮಗಳು ಅನ್ನುವುದು ಆಗ ಗೊತ್ತಾಗುತ್ತದೆ.

ಹಿತ್ತಾಳೆ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ ಅಪ್ಪ ಗಂಗಳವನ್ನು ತೊಡೆಯ ಮೇಲೆ ಅವುಚಿಕೊಂಡರು.

“ಅವ್ವಂದು ಒಂದು ಫೋಟೋನೂ ಇಲ್ಲ ಕಣವ್ವ. ಇರೋದು ಇದೊಂದೇ. ಒಂದು ಚುಕ್ಕಿ ಅಳಿಸಿ ಹೋದ್ರೂ ನಂಗೆ ಬ್ಯಾಡ.”

ನನ್ನ ಗಂಡ ಗಂಗಾಧರ್ ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾರೆ. ಅಕ್ಷರ ನೋಡಿದವರೇ ಇದು ರನ್‌ಔಟ್ ಅಂದರು. ಕ್ರಿಕೆಟ್ಟಿನದಲ್ಲ. ತಿರುಗುವ ಸ್ಪಿಂಡಲ್ಲಿನ ತುದಿಯಲ್ಲಿರುವ ‘ಬಿಟ್ಟು’, ಅಂದರೆ ಕೊರೆಯುವ ಸೂಜಿ, ನೆಟ್ಟಗೆ ನಡುವಿನಲ್ಲಿ ನಿಲ್ಲದೆ ಓಲಾಡುತ್ತಾ ಸುತ್ತಿದರೆ ಗೆರೆ ದಪ್ಪವಾಗುತ್ತದೆ, ಅಷ್ಟೆ. ಎಳೆಯಷ್ಟು ಓಲಾಟವನ್ನೂ ಗಡಿಯಾರದಂಥ ಮುಳ್ಳಿನಲ್ಲಿ ತೋರಿಸುವ ತಮ್ಮ ಸ್ವಂತದ ಡಯಲ್ ಗೇಜ್ ತಂದು ಅದರ ಮೊನೆಯನ್ನು ಬಿಟ್ಟಿಗೆ ತಾಗಿಸಿ ಇಟ್ಟರು. ನಾನು ಸ್ಪಿಂಡಲ್ಲನ್ನು ಕೈಯಿಂದ ಮೆಲ್ಲಗೆ ತಿರುಗಿಸಿದೆ. ಮುಳ್ಳು ಆ ಕಡೆಯಿಂದ ಈ ಕಡೆಗೆ ಓಡಿ ಓಡಿ ಬಂತು.

ಮಿಷನ್ನು ಮಾರಿದವನಿಗೆ, ಅವನ ಅಂಗಡಿಗೆ, ಅವನ ಮನೆದೇವರೊಂದನ್ನು ಬಿಟ್ಟು ಮಿಕ್ಕೆಲ್ಲಕ್ಕೂ ಬೈದೆ. ಬೇರೆ ಬಿಟ್ಟು ಹಾಕಿ ನೋಡಿದೆವು, ಮುಳ್ಳು ಹಾಗೇ ಕುಣಿಯಿತು. ಬೇರಿಂಗ್ ಹೋಗಿದೆ, ತುಮಕೂರಿಗೆ ಹೋಗಿ ಬೇರೆ ಸ್ಪಿಂಡಲ್ ಹುಡುಕಬೇಕು ಎಂದು ಗಂಗಾಧರ್ ಆಗಲೇ ಬೈಕಿನ ಕೀಗೆ ಕೈ ಹಾಕಿದರು. ನಾನು ತಡೆದೆ. ಉತ್ತರ ತಪ್ಪಾಯಿತೆಂದು ಹೊಸ ಪುಸ್ತಕ ಕೊಳ್ಳುವವಳಲ್ಲ ನಾನು. ಎಲ್ಲಿ ತಪ್ಪಿತು ಅಂತ ಒಂದೊಂದೇ ಸಾಲು ನೋಡುತ್ತಾ ಬರಬೇಕು.

ಮಾರ್ಕರ್ ತೆಗೆದುಕೊಂಡು, ಮುಳ್ಳು ಅತಿ ಹೆಚ್ಚು ಏರುವ ಕಡೆ ಸ್ಪಿಂಡಲ್ಲಿನ ಮೇಲೆ ಚುಕ್ಕೆ ಹಾಕಿದೆ. ಆಮೇಲೆ ಕಾಲೆಟ್ಟನ್ನು, ಅಂದರೆ ಬಿಟ್ಟನ್ನು ಸುತ್ತಲೂ ಅವುಚಿ ಹಿಡಿಯುವ ಸೀಳು ಬಾಯಿಯ ಸಣ್ಣ ಕೊಳವೆಯನ್ನು, ಬಿಚ್ಚಿ ಕಾಲು ಸುತ್ತು ತಿರುಗಿಸಿ ಹಾಕಿದೆ. ತಪ್ಪು ಕಾಲೆಟ್ಟಿನದಾಗಿದ್ದರೆ ಮುಳ್ಳು ಏರುವ ಜಾಗವೂ ಅದರ ಜೊತೆ ತಿರುಗಬೇಕಿತ್ತು. ತಿರುಗಲಿಲ್ಲ, ಅದೇ ಚುಕ್ಕೆಯ ಹತ್ತಿರ ಏರಿತು. ಗೇಜನ್ನು ಸ್ಪಿಂಡಲ್ಲಿನ ಹೊರಮೈಗೆ ಇಟ್ಟು ತಿರುಗಿಸಿದರೆ ಮುಳ್ಳು ಕದಲಲೇ ಇಲ್ಲ. ಬೇರಿಂಗ್ ಗಟ್ಟಿಮುಟ್ಟಾಗಿತ್ತು. ಬಿಟ್ಟಲ್ಲ, ಕಾಲೆಟ್ಟಲ್ಲ, ಬೇರಿಂಗಲ್ಲ. ಉಳಿದದ್ದು ಕಾಲೆಟ್ಟು ಹೋಗಿ ಕೂರುವ ಸ್ಪಿಂಡಲ್ಲಿನ ಬಾಯಿಯ ಒಳಗೋಡೆ ಒಂದೇ.

ಗಂಗಾಧರ್ ಟಾರ್ಚ್ ಹಿಡಿದರು. ನಾನು ಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್‌ನಲ್ಲಿ ಅದ್ದಿ, ಬಾಯಿಯ ಒಳಗೆ, ಚುಕ್ಕೆಗೆ ಎದುರಿನ ಬದಿಯಲ್ಲಿ ಉಜ್ಜಿದೆ. ಹೊರಗೆ ಬಂದ ಹತ್ತಿ ಹಳದಿಯಾಗಿತ್ತು, ನಡುವೆ ಕೆಂಪು. ಮೂಗಿನ ಹತ್ತಿರ ಹಿಡಿದೆ. ಗಂಧದ ವಾಸನೆ.

ಆಯುಧಪೂಜೆ ನೆನಪಾಯಿತು. ಹಿಂದಿನ ದಿನವೇ ಮಿಷನ್ನಿನ ಒಂದೊಂದು ಭಾಗವನ್ನೂ ಬಿಚ್ಚಿ ಒರೆಸಿ ಪೂಜೆಗೆ ಇಟ್ಟಿದ್ದೆ. ಅವತ್ತು ಗಂಧ ಕುಂಕುಮದ ಬಟ್ಟಲು ಹಿಡಿದು ಬೈಕು, ಕುಡುಗೋಲು, ಈಳಿಗೆಮಣೆ ಎಲ್ಲಕ್ಕೂ ಬೊಟ್ಟು ಇಟ್ಟುಕೊಂಡು ಬಂದವರು ನಮ್ಮಪ್ಪ. ಒಣಗಿ ಗಟ್ಟಿಯಾದ ಆ ಬೊಟ್ಟು ಕಾಲೆಟ್ಟನ್ನು ಒಂದು ಕಡೆಗೆ ತಳ್ಳಿ ಕೂತಿತ್ತು. ಮರದ ಹಲಗೆಯ ದೊಡ್ಡ ಅಕ್ಷರಗಳಲ್ಲಿ ಅದು ಯಾರಿಗೂ ಗೊತ್ತಾಗಿರಲಿಲ್ಲ.

“ಈ ತೂತಿನ ಒಳಕ್ಕೂ ಇಟ್ಯಾ ಅಪ್ಪ?”

“ತಿರುಗೋದು ಅದೇ ಅಲ್ವೇನವ್ವ. ಅದ್ಕೇ ಅಲ್ಲಿಗೆ ಒಸಿ ಜಾಸ್ತಿನೇ ಇಟ್ಟೆ.”

ಗಂಗಾಧರ್ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿಕೊಂಡರು. ನನ್ನ ಬಾಯಿಗೆ ಬಂದ ಬೈಗುಳ ಅಪ್ಪನ ಮುಖ ನೋಡಿ ಅಲ್ಲೇ ನಿಂತಿತು. ಅವ್ವನ ಹೆಸರಿಗೆ ಕುತ್ತು ತಂದದ್ದು ತಮ್ಮದೇ ಬೆರಳು ಎಂದು ಅವರಿಗೆ ಅರ್ಥವಾಗಿತ್ತು. ಬೇಡ ಬುಡು, ಗಂಗಳ ಹಿಂಗೇ ಇರಲಿ ಎಂದು ಟವೆಲ್ಲು ಸುತ್ತಲು ಹೊರಟರು.

ಸ್ವಲ್ಪ ಇರಪ್ಪ ಎಂದು ಗದರಿಸಿಯೇ ಕೂರಿಸಿದೆ. ಬಿದಿರುಕಡ್ಡಿಯಿಂದ ಕೆರೆದು, ಹತ್ತಿ ಬೆಳ್ಳಗೇ ಹೊರಬರುವ ತನಕ ಒರೆಸಿ, ಕಾಲೆಟ್ಟು ಕೂರಿಸಿ ಬಿಗಿದೆ. ಗೇಜ್ ಇಟ್ಟು ಮೆಲ್ಲಗೆ ತಿರುಗಿಸಿದೆ. ಮುಳ್ಳು ಅರ್ಧ ಗೀಟಿನಷ್ಟು ಅಲುಗಿ ಸುಮ್ಮನಾಯಿತು. ನಂಬಿಕೆ ಬರದೆ ಮತ್ತೆ ತಿರುಗಿಸಿದೆ. ಅಷ್ಟೇ. ನಾನು ಎದ್ದು ಕುಣಿದೇಬಿಟ್ಟೆ. ಕ್ಲಾಸಿನಲ್ಲಿ ಹಾಗೆ ಕುಣಿದಿದ್ದರೆ ಮಕ್ಕಳು ವರ್ಷಪೂರ್ತಿ ಆಡಿಕೊಳ್ಳುತ್ತಿದ್ದರು. ಹಿತ್ತಾಳೆಯ ಮೇಲೆ ಇನ್ನೊಮ್ಮೆ ಕೊರೆದೆ. ‘ಪ’ದ ಹೊಟ್ಟೆ ತೆರೆದಿತ್ತು, ಗೆರೆ ಕೂದಲೆಳೆಯಷ್ಟಿತ್ತು. ತುಂಡನ್ನು ಅಪ್ಪನ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಗಂಗಳವನ್ನು ನನ್ನ ಕಡೆ ಚಾಚಿದರು.

ಗಂಗಳವನ್ನು ಬೋರಲು ಹಾಕಿ ಬಿಗಿದು, ಒಂದು ತೊಟ್ಟು ಕೊಬ್ಬರಿ ಎಣ್ಣೆ ಬಿಟ್ಟೆ. ಕಂಚು ಗಡುಸು, ಮೆಲ್ಲಗೆ ಪದರ ಪದರವಾಗಿ ಕೊರೆಯಬೇಕು. ಅಪ್ಪ ನೋಡಲಾರದೆ ಬೀದಿಯ ಕಡೆ ಮುಖ ಮಾಡಿ ನಿಂತರು. ಗಿರಿಯಮ್ಮನ ಚುಕ್ಕಿಗಳ ಪಕ್ಕದಲ್ಲೇ ಬಿಟ್ಟಿನ ತುದಿ ಸುಳಿಯುವಾಗ ನನ್ನ ಬೆರಳು ನಿಲ್ಲಿಸುವ ಗುಂಡಿಯ ಮೇಲೇ ಇತ್ತು. ಮಿಷನ್ನು ನಿಂತ ಸದ್ದಿಗೂ ಅಪ್ಪ ತಿರುಗಲಿಲ್ಲ. ನಾನೇ ಎಣ್ಣೆ ಒರೆಸಿ, ಗಂಗಳ ತೆಗೆದುಕೊಂಡು ಹೋಗಿ ಅವರ ಕೈಗಿಟ್ಟೆ.

ಅವರು ಕಣ್ಣು ಮುಚ್ಚಿಕೊಂಡು ಹೆಬ್ಬೆರಳಿನಿಂದ ಒಂದೊಂದೇ ಚುಕ್ಕಿ ಸವರಿದರು. ಆಮೇಲೆ ಬೆರಳು ಕೆಳಗಿನ ಸಾಲಿಗೆ ಇಳಿಯಿತು.

“ಅವ್ವ ಹಂಗೇ ಅವ್ಳೆ ಕಣವ್ವ,” ಅಂದರು. “ಮಗೂನೂ ಪಕ್ಕದಾಗೇ ಅದೆ.”

ಅಪ್ಪ ಮುಖ ಒರೆಸಿಕೊಂಡು ಒಳಗೆ ಹೋಗಿ ದೇವರ ಗೂಡಿನಿಂದ ಕುಂಕುಮದ ಭರಣಿ ಹಿಡಿದು ಬಂದರು. ನಾನು ಓಡಿ ಹೋಗಿ ಮಿಷನ್ನಿಗೆ ಅಡ್ಡ ನಿಂತೆ. ಅವರು ಹತ್ತಿರ ಬಂದವರೇ ಬೊಟ್ಟನ್ನು ನನ್ನ ಹಣೆಗೆ ಇಟ್ಟರು.