ಮುಂದಿನ ಪಾಠ

ಶ್ರೀರಂಜಿನಿ ಟೀಚರಿಗೆ ಬೆಳಗ್ಗೆಯೇ ತಲೆ ಕೆಟ್ಟಿತು. ಓದು ಬಾರದ ಮಕ್ಕಳಿಗೆ ದಿನಕ್ಕೊಂದು ಗಂಟೆ ಬೇರೆಯಾಗಿ ಕಲಿಸಲು ಇಲಾಖೆಯವರು ಒಬ್ಬ ಟೀಚರನ್ನು ಕಳಿಸುತ್ತಾರಂತೆ, ಅಂಥ ಮಕ್ಕಳ ಪಟ್ಟಿ ಕೊಡಬೇಕು. ತನ್ನ ಮೂರನೇ ಕ್ಲಾಸಿನಿಂದ ಅವಳು ಬರೆದದ್ದು ಒಂದೇ ಹೆಸರು, ಮೋಕ್ಷಿತಾ. ಹೆಡ್‌ಮಾಷ್ಟ್ರು ಮಹಾಗಣಪತಿ ಭಟ್ಟರು ಅದಕ್ಕೂ ಗೀಟು ಎಳೆದಿದ್ದರು.

"ಆ ಹುಡುಗಿಗೆ ಎಂತ ಆಗಿದೆ ಟೀಚರೇ? ಪಾಠ ನೀರು ಕುಡಿದ ಹಾಗೆ ಓದ್ತಾಳೆ."

"ಅದು ಓದುವುದಲ್ಲ ಸರ್, ಬಾಯಿಪಾಠ. ಬಿಡಿ ಅಕ್ಷರ ತೋರಿಸಿ ಕೇಳಿದ್ರೆ ಗೊತ್ತಿಲ್ಲ. ಮನೆಯಲ್ಲಿ ತುಳು ಮಾತ್ರ, ಹೇಳಿಕೊಡುವವರೂ ಇಲ್ಲ. ಈ ವರ್ಷ ತಪ್ಪಿದ್ರೆ ಮತ್ತೆ ಅವಳಿಗೆ ಓದು ಹತ್ತುವುದಿಲ್ಲ."

"ಕನ್ನಡ ಕ್ಲಾಸಿಗೆ ಮಕ್ಕಳು ಸಿಗುವುದೇ ಕಷ್ಟ. ನಮ್ಮಲ್ಲಿ ಓದು ಬರುವುದಿಲ್ಲ ಅಂತ ನಾವೇ ಪೆರ್ಲ ಪೇಟೆಯಲ್ಲಿ ಡಂಗುರ ಹೊಡೆಯುವುದಾ?"

ಅಯ್ಯೋ ದೇವರೇ! ಈ ಮನುಷ್ಯನಿಗೆ ಹೇಳುವುದೂ ಒಂದೇ, ಕೋಣನ ಮುಂದೆ ಕಿನ್ನರಿ ಬಾರಿಸುವುದೂ ಒಂದೇ.

ಹನ್ನೊಂದಕ್ಕೆ ಪಟ್ಟಿ ನೋಡಿ ಸಹಿ ಹಾಕಲು ಇಲಾಖೆಯ ಅಧಿಕಾರಿ ಮೇಡಂ ಬಂದರು. ಭಟ್ಟರು ಬೇಕೆಂದೇ ಮೋಕ್ಷಿತಾಳನ್ನು ಎಬ್ಬಿಸಿದರು. ಅವಳು ಸಾಲಿನ ಕೆಳಗೆ ಬೆರಳಿಟ್ಟು ಎರಡು ಪುಟ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. "ಭಾರೀ ಲಾಯ್ಕ!" ಎಂದ ಮೇಡಂ ಖಾಲಿ ಪಟ್ಟಿಗೆ ಸಹಿ ಹಾಕಲು ಪೆನ್ನು ತೆಗೆದರು.

ಶ್ರೀರಂಜಿನಿಗೆ ತಡೆಯಲಾಗಲಿಲ್ಲ. "ಒಂದು ನಿಮಿಷ ಮೇಡಂ. ಮೋಕ್ಷಿತಾ, ಮುಂದಿನ ಪಾಠ ಓದು ಮಗೂ. ನಾವಿನ್ನೂ ಮಾಡದ್ದು."

ಭಟ್ಟರು ಹಲ್ಲು ಕಚ್ಚಿದರು. ಹುಡುಗಿ ಪುಟ ತಿರುಗಿಸಿ, ಮೊದಲ ಸಾಲಿಗೆ ಬೆರಳಿಟ್ಟು ಟೀಚರನ್ನು ನೋಡುತ್ತ ನಿಂತಳು. ಎಲ್ಲರೆದುರು ಮಗುವನ್ನು ಅಳಿಸಿಬಿಟ್ಟೆನೇನೋ ಎಂದು ಶ್ರೀರಂಜಿನಿ ಅವಳ ಹತ್ತಿರ ಹೋದಳು. ಆದರೆ ಮೋಕ್ಷಿತಾ ಅಳಲಿಲ್ಲ.

"ಎಂತ ಮಗೂ, ಓದುವುದಿಲ್ವಾ?" ಮೇಡಂ ಕೇಳಿದರು.

"ಓದ್ತೇನೆ. ಮೊದಲು ಟೀಚರ್ ಓದ್ಬೇಕು. ಟೀಚರ್ ಒಂದು ಸಾಲು, ಮತ್ತೆ ನಾವು ಒಂದು ಸಾಲು. ಯಾವಾಗಲೂ ಹಾಗೇ ಅಲ್ವಾ ಓದುವುದು?"

ಶ್ರೀರಂಜಿನಿಯ ಮುಖ ಬಿಸಿಯಾಯಿತು. ಹೌದು, ಒಂದನೇ ಕ್ಲಾಸಿನಿಂದಲೂ ಅವಳು ಹೇಳಿಕೊಟ್ಟದ್ದು ಹಾಗೆಯೇ. ಭಟ್ಟರ ಮೇಲಿದ್ದ ಸಿಟ್ಟೆಲ್ಲ ಈಗ ತನ್ನ ಮೇಲೆಯೇ ಬಂತು.

ಉಳಿದ ಒಂಬತ್ತು ಮಕ್ಕಳ ಕಡೆ ತಿರುಗಿದಳು. ಎಲ್ಲರೂ ಮುಂದಿನ ಪಾಠ ತೆರೆದು, ಅವಳು ಶುರುಮಾಡಲೆಂದು ಅವಳ ಬಾಯಿಯನ್ನೇ ನೋಡುತ್ತಿದ್ದರು.

"ಆ ಪಟ್ಟಿ ಇಲ್ಲಿ ಕೊಡಿ ಮೇಡಂ," ಎಂದಳು. "ಹತ್ತು ಹೆಸರು ಬರೆಯಲಿಕ್ಕುಂಟು."