ಬರೀ ಚುಕ್ಕಿ

ಆಸ್ಪತ್ರೆ, ಬ್ಯಾಂಕುಗಳ ನೆಟ್‌ವರ್ಕಿಗೆ ಕಳ್ಳರು ನುಗ್ಗದಂತೆ ಕಾಯುವ ಪ್ರೋಗ್ರಾಮ್ ಬರೆಯುವ ಆಫೀಸು ಅದು. ಅಲ್ಲಿ ಅವಳು ಎಲ್ಲರ ಬಾಯಲ್ಲೂ ಚುಕ್ಕಿಯಕ್ಕ. ಮಗಳನ್ನು ಡೇಕೇರಿನಿಂದ ಕರೆತರಲು ಐದಕ್ಕೇ ಹೊರಡುವ ಅನುಮತಿ ಪಡೆದ ಮೇಲೆ ಅವಳ ಪಾಲಿಗೆ ಉಳಿದದ್ದು ಗುಡಿಸಿ ಒರೆಸುವಂಥ ಕೆಲಸ: ಕೋಡಿನ ನಡುವೆ ಬರೆದಿಟ್ಟ ಟಿಪ್ಪಣಿಗಳ ಅಲ್ಪವಿರಾಮ, ಪೂರ್ಣವಿರಾಮ ತಿದ್ದುವುದು. ಟಿಪ್ಪಣಿಯನ್ನು ಕಂಪ್ಯೂಟರು ಕಣ್ಣೆತ್ತಿಯೂ ನೋಡುವುದಿಲ್ಲ. ಓದುವವರು ಮನುಷ್ಯರು, ಅದೂ ಬೇರೆ ಗತಿಯಿಲ್ಲದಾಗ.

ಕೋಡಿನಲ್ಲಿ ಯಾರು ಏನೇ ಬದಲಿಸಿದರೂ ಇನ್ನಿಬ್ಬರು ನೋಡಿ ಒಪ್ಪಬೇಕೆಂಬುದು ಅಲ್ಲಿನ ನಿಯಮ. ಆದರೆ ‘ಬರೀ ಚುಕ್ಕಿ’ ಎಂದು ತಲೆಬರಹ ಹಾಕಿ ಅವಳು ಕಳಿಸಿದ್ದನ್ನು ಯಾರೂ ತೆರೆಯುವ ಗೋಜಿಗೇ ಹೋಗದೆ ಒಪ್ಪಿಬಿಡುತ್ತಿದ್ದರು.

ಆ ಮಧ್ಯಾಹ್ನ ಮ್ಯಾನೇಜರ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ.

“ನಿಮ್ಮ ಚುಕ್ಕಿಗಳ ಜೊತೆ ಈ ಒಂದು ಸಾಲೂ ಹೋಗ್ಲಿ.”

ಒಳಗೆ ಬರುವವರ ಗುರುತು ಕೇಳುವ ತಪಾಸಣೆಯನ್ನೇ ನಿಲ್ಲಿಸುವ ಸಾಲು ಅದು. ದೊಡ್ಡ ಗಿರಾಕಿಯೊಬ್ಬರು ಪ್ರೋಗ್ರಾಮ್ ನಿಧಾನವಾಯಿತೆಂದು ಗೊಣಗಿದ್ದರಂತೆ.

“ಹೀಗೆ ಮಾಡಿದ್ರೆ ಆಸ್ಪತ್ರೆಗಳಿಗೂ ಬಾಗಿಲು ತೆರೆದಿಟ್ಟ ಹಾಗಲ್ವಾ ಸರ್?”

“ಒಂದು ವಾರದ ಮಟ್ಟಿಗೆ.”

“ಹಾಗಾದ್ರೆ ನೀವೇ ಎಲ್ಲರ ಮುಂದೆ ಇಡಿ.”

“ಎಲ್ಲರೂ ನೋಡಿದ್ರೆ ಒಪ್ತಾರೇನ್ರೀ? ಅದಕ್ಕೇ ತಾನೇ ನಿಮ್ಮ ಹತ್ರ ಬಂದಿದ್ದು.” ಅವನು ದನಿ ತಗ್ಗಿಸಿದ. “ನೀವು ಐದಕ್ಕೇ ಎದ್ದು ಹೋಗ್ತೀರ. ಮೇಲಿನವರು ಕೇಳಿದಾಗೆಲ್ಲ ಸಮಜಾಯಿಷಿ ಕೊಡೋನು ನಾನು. ನೆನಪಿರ್ಲಿ.”

ಅವನು ಎದ್ದು ಹೋದ. ಅವಳು ಗಡಿಯಾರ ನೋಡಿದಳು. ಡೇಕೇರಿನವರು ಐದೂವರೆಗೆ ಬೀಗ ಹಾಕುತ್ತಾರೆ. ಗಂಡನದು ರಾತ್ರಿಯಾದರೂ ಮುಗಿಯದ ಪಾಳಿ. ಐದರ ಅನುಮತಿ ಹೋದರೆ ಕೆಲಸವೇ ಹೋದಂತೆ. ಹಾಗಂತ ಅದನ್ನು ಸೇರಿಸಿ, ನಾಳೆ ಕಳ್ಳ ನುಗ್ಗಿದರೆ ಆ ಸಾಲಿನ ಮೇಲಿರುವುದು ಅವಳ ಹೆಸರು. ನಿನ್ನೆ ಬಿಸ್ಕತ್ತಿನ ಡಬ್ಬಿ ಖಾಲಿ ಮಾಡಿದ ಮಗಳು, ಬಾಯಿ ಒರೆಸಿಕೊಳ್ಳದೆಯೇ “ಬೆಕ್ಕು ತಿಂತು” ಅಂದಿದ್ದಳು. ಮನೆಯಲ್ಲಿ ಬೆಕ್ಕೇ ಇರಲಿಲ್ಲ.

ಅವಳು ಚುಕ್ಕಿಗಳನ್ನು ಎಂದಿನಂತೆ ಕಳಿಸಿದಳು. ಆಮೇಲೆ ಆ ಸಾಲನ್ನು ಬೇರೆಯಾಗಿ, ಇಡೀ ಟೀಮಿಗೆ ಕಳಿಸಿದಳು. ತಲೆಬರಹ: ‘ಚುಕ್ಕಿಯಲ್ಲ. ಗುರುತಿನ ತಪಾಸಣೆ ನಿಲ್ಲಿಸುವ ಸಾಲು. ಮ್ಯಾನೇಜರ್ ಹೇಳಿದ್ದು. ನಾನು ಒಪ್ಪಿಲ್ಲ. ಎಲ್ಲರೂ ನೋಡಿ.’

ಪಕ್ಕದ ಮೇಜಿನ ಹುಡುಗಿ ಹೆಡ್‌ಫೋನ್ ಕಿತ್ತಳು. “ಅಕ್ಕಾ, ಏನಕ್ಕಾ ಇದು?”

“ಓದು ತಾಯಿ. ಇಷ್ಟು ದಿನ ನಾನು ಕಳಿಸಿದ್ದನ್ನ ಒಂದಾದ್ರೂ ಓದಿದೀಯಾ?”

ಹುಡುಗಿ ಓದಿದಳು, ‘ಬೇಡ’ ಎಂದು ಒತ್ತಿದಳು. ಹಿಂದೆಯೇ ಇನ್ನೊಬ್ಬರ ‘ಬೇಡ’ ಬಂತು, ಮತ್ತೊಬ್ಬರದೂ.

ಮ್ಯಾನೇಜರ್ ಗಾಜಿನ ಕೋಣೆಯಿಂದ ದಾಪುಗಾಲಿಟ್ಟು ಬಂದ. “ನನ್ನ ಮಾನ ಹರಾಜು ಹಾಕಿದ್ರಲ್ಲ.”

“ನಾನು ನಿಮ್ಮನೆ ಬೆಕ್ಕಲ್ಲ ಸರ್.”

ಅವನಿಗೆ ತಲೆಬುಡ ತಿಳಿಯಲಿಲ್ಲ. “ನಾಳೆಯಿಂದ ಐದಕ್ಕೆ ಹೋಗೋದು ಮರೆತುಬಿಡಿ.”

ಅವಳು ಚೀಲವನ್ನು ಹೆಗಲಿಗೇರಿಸಿದಳು.

“ನಾಳೆ ಮಾತು ನಾಳೆ, ಇವರೆಲ್ಲರ ಮುಂದೇನೇ ಆಡೋಣ. ಇವತ್ತು ಐದಾಯ್ತು.”